ಆಕಾಶದ ಲೆಕ್ಕ, ನೆಲದ ಲೆಕ್ಕ

1998ರ ನವೆಂಬರ್ 1ರಂದು ಅಮೆರಿಕದ ಅಂದಿನ ಉಪಾಧ್ಯಕ್ಷ ಅಲ್ ಗೋರ್ ಅವರು ದಪ್ಪನೆಯ ಕೈದೂರವಾಣಿಯೊಂದನ್ನು ಎತ್ತಿಕೊಂಡು ಗಿಲ್ಬರ್ಟ್ ಗ್ರೋಸ್ವೆನರ್ ಎಂಬವರಿಗೆ ಕರೆ ಮಾಡಿದರು. ಗ್ರೋಸ್ವೆನರ್ ಅವರು ದೂರವಾಣಿಯ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಮರಿಮೊಮ್ಮಗ. ಮಾತು ಸಾಗಿದ್ದು ನೆಲದಿಂದ 780 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದ್ದ 66 ಉಪಗ್ರಹಗಳ ಜಾಲದ ಮೂಲಕ. ಆ ಜಾಲದ ಹೆಸರು ಇರಿಡಿಯಂ. ಸಹಾರಾ ಮರುಭೂಮಿಯಿರಲಿ, ಹಿಮಾಲಯದ ಕಣಿವೆಯಿರಲಿ, ದಕ್ಷಿಣ ಧ್ರುವವಿರಲಿ, ಜೇಬಿನಿಂದ ಫೋನು ತೆಗೆದು ಯಾರೊಡನೆ ಬೇಕಾದರೂ ಮಾತಾಡಬಹುದಾದ ವ್ಯವಸ್ಥೆ ಜಗತ್ತಿನಲ್ಲಿ ಅದೇ ಮೊದಲು. ಅದಕ್ಕೆ ಸುರಿದ ಹಣ ಸುಮಾರು 500 ಕೋಟಿ ಡಾಲರ್.

ಒಂಬತ್ತೂವರೆ ತಿಂಗಳ ನಂತರ, 1999ರ ಆಗಸ್ಟ್ 13ರಂದು, ಅದೇ ಕಂಪನಿ ದಿವಾಳಿ ಅರ್ಜಿ ಹಾಕಿತು.

ಇಷ್ಟು ದೊಡ್ಡ ಯೋಜನೆಯನ್ನು ಯಾರೂ ಕಣ್ಣುಮುಚ್ಚಿಕೊಂಡು ಆರಂಭಿಸುವುದಿಲ್ಲ. ಒಂದು ಉಪಗ್ರಹವೂ ಮೇಲೇರುವ ಮೊದಲೇ ಇಡೀ ಜಾಲವನ್ನು ಕಾಗದದ ಮೇಲೆ, ಕಂಪ್ಯೂಟರಿನ ಒಳಗೆ ಕಟ್ಟಿ ನೋಡಲಾಗಿತ್ತು. ಎಷ್ಟು ಜನ ಒಟ್ಟಿಗೆ ಮಾತಾಡಬಹುದು, ಎಷ್ಟು ಕರೆಗಳು ತುಂಡಾಗಬಹುದು, ಮಾತು ಎಷ್ಟು ತಡವಾಗಿ ತಲುಪಬಹುದು ಎಂಬುದಕ್ಕೆಲ್ಲ ಗಣಿತದ ಮಾದರಿಗಳಿದ್ದವು. ಹಾಗಾದರೆ ಯಾವ ಲೆಕ್ಕ ತಪ್ಪಿತು? ಇದಕ್ಕೆ ಉತ್ತರ ಹುಡುಕಬೇಕಾದರೆ ಉಪಗ್ರಹಗಳ ಕನಸೂ ಇಲ್ಲದಿದ್ದ ಕಾಲಕ್ಕೆ ಹೋಗಬೇಕು.

ಕೋಪನ್‌ಹೇಗನ್ನಿನ ಗಣಿತಜ್ಞ

ಇಪ್ಪತ್ತನೆಯ ಶತಮಾನದ ಮೊದಲ ದಶಕ. ಡೆನ್ಮಾರ್ಕಿನ ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿ ಆಗ್ನರ್ ಕ್ರಾರುಪ್ ಎರ್ಲಾಂಗ್ ಎಂಬ ಗಣಿತಜ್ಞನಿದ್ದ. ಅವನ ಮುಂದಿದ್ದ ಪ್ರಶ್ನೆ ನೋಡಲು ಬಲು ಸರಳ: ಒಂದು ಊರಿನಲ್ಲಿ ಇಂತಿಷ್ಟು ದೂರವಾಣಿಗಳಿದ್ದರೆ ಆ ಊರಿನಿಂದ ಹೊರಹೋಗುವ ತಂತಿಗಳು ಎಷ್ಟಿರಬೇಕು? ಪ್ರತಿಯೊಬ್ಬರಿಗೂ ಒಂದೊಂದು ತಂತಿ ಎಳೆದರೆ ಕಂಪನಿ ಮುಳುಗುತ್ತದೆ. ತೀರಾ ಕಡಿಮೆ ಎಳೆದರೆ ಗ್ರಾಹಕರು ಬೈಯುತ್ತಾರೆ.

ಒಂದು ಉದಾಹರಣೆ ನೋಡೋಣ. ಊರಿನಲ್ಲಿ ನೂರು ದೂರವಾಣಿಗಳಿವೆ ಎನ್ನಿ. ದಟ್ಟಣೆಯ ಒಂದು ಗಂಟೆಯಲ್ಲಿ ಪ್ರತಿಯೊಬ್ಬರೂ ಸರಾಸರಿ ಮೂರು ನಿಮಿಷ ಹೊರಗಿನವರೊಡನೆ ಮಾತಾಡುತ್ತಾರೆ. ಒಟ್ಟು 300 ನಿಮಿಷ, ಅಂದರೆ ಐದು ಗಂಟೆಯ ಮಾತು. ಹಾಗಾದರೆ ಐದು ತಂತಿ ಸಾಕಲ್ಲವೆ? ಸಾಲದು. ಜನ ಸರತಿಯಲ್ಲಿ ನಿಂತು ಕರೆ ಮಾಡುವುದಿಲ್ಲ. ಒಮ್ಮೆ ಎಂಟು ಜನ ಒಟ್ಟಿಗೆ ಫೋನೆತ್ತುತ್ತಾರೆ, ಇನ್ನೊಮ್ಮೆ ಯಾರೂ ಎತ್ತುವುದಿಲ್ಲ. ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ ಐದೇ ತಂತಿಗಳಿದ್ದರೆ ನೂರರಲ್ಲಿ 28 ಕರೆಗಳು ವಿಫಲವಾಗುತ್ತವೆ. ಹನ್ನೊಂದು ತಂತಿಗಳಿದ್ದರೆ ವಿಫಲವಾಗುವುದು ನೂರರಲ್ಲಿ ಒಂದಕ್ಕಿಂತ ಕಡಿಮೆ.

ಇದೇ ಸೂತ್ರದೊಳಗೆ ಇನ್ನೊಂದು ಗುಟ್ಟಿದೆ. ಮಾತು ಹತ್ತು ಪಟ್ಟು ಹೆಚ್ಚಿದರೆ ತಂತಿಯೂ ಹತ್ತು ಪಟ್ಟು ಬೇಕಿಲ್ಲ. ಐವತ್ತು ಗಂಟೆಯ ಮಾತಿಗೆ 64 ತಂತಿಗಳೇ ಸಾಕು. ದೊಡ್ಡ ಗುಂಪಿನಲ್ಲಿ ಒಬ್ಬರ ಅವಸರವನ್ನು ಇನ್ನೊಬ್ಬರ ಬಿಡುವು ಸರಿದೂಗಿಸುತ್ತದೆ. ಒಂದೇ ದೊಡ್ಡ ಕೆರೆ ಇಡೀ ಊರಿನ ಬೇಸಿಗೆ ಕಳೆಯಬಲ್ಲದು, ಅಷ್ಟೇ ನೀರನ್ನು ಹತ್ತು ಕಟ್ಟೆಗಳಿಗೆ ಹಂಚಿದರೆ ಒಂದು ಕಟ್ಟೆ ಒಣಗಿ ಮತ್ತೊಂದು ಉಕ್ಕುತ್ತದೆ. ಈ ಮಾತು ನೆನಪಿರಲಿ, ಉಪಗ್ರಹಗಳ ಕಥೆಯಲ್ಲಿ ಮತ್ತೆ ಬರುತ್ತದೆ. ದೂರವಾಣಿ ದಟ್ಟಣೆಯನ್ನು ಅಳೆಯುವ ಏಕಮಾನಕ್ಕೆ ಇಂದಿಗೂ ‘ಎರ್ಲಾಂಗ್’ ಎಂದೇ ಹೆಸರು.

ನಿಂತಂತೆ ತೋರುವ ಉಪಗ್ರಹ

1945ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ಸಿ. ಕ್ಲಾರ್ಕ್ ಒಂದು ಲೇಖನ ಬರೆದರು. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಸುತ್ತುವ ವಸ್ತು ಭೂಮಿಯಷ್ಟೇ ಹೊತ್ತಿನಲ್ಲಿ ಒಂದು ಸುತ್ತು ಮುಗಿಸುವುದರಿಂದ ನೆಲದ ಮೇಲಿರುವವರಿಗೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ಅಂಥ ಮೂರು ನೆಲೆಗಳಿದ್ದರೆ ಹೆಚ್ಚುಕಡಿಮೆ ಇಡೀ ಜಗತ್ತಿಗೆ ಸಂಪರ್ಕ ಕೊಡಬಹುದು ಎಂದು ಅವರು ಲೆಕ್ಕ ಹಾಕಿ ತೋರಿಸಿದರು.

ಆದರೆ ಮೊದಲು ಮೇಲೇರಿದ್ದು ಕೆಳಗಿನ ಕಕ್ಷೆಯ ಉಪಗ್ರಹ. 1962ರ ಜುಲೈ 10ರಂದು ಹಾರಿದ ಟೆಲ್‌ಸ್ಟಾರ್ ಅಟ್ಲಾಂಟಿಕ್ ಸಾಗರದ ಆಚೆಗೆ ಟಿ.ವಿ. ಚಿತ್ರವನ್ನು ದಾಟಿಸಿ ಜಗತ್ತನ್ನು ಬೆರಗುಗೊಳಿಸಿತು. ಅದು ಎರಡೂ ದಡಗಳಿಗೆ ಏಕಕಾಲದಲ್ಲಿ ಕಾಣುತ್ತಿದ್ದುದು ಪ್ರತಿ ಸುತ್ತಿನಲ್ಲಿ ಇಪ್ಪತ್ತು ನಿಮಿಷದಷ್ಟು ಮಾತ್ರ. ಎಡೆಬಿಡದೆ ಸೇವೆ ಬೇಕೆಂದರೆ ಅಂಥ ಹತ್ತಾರು ಉಪಗ್ರಹಗಳು ಸಾಲುಗಟ್ಟಿ ಬರಬೇಕು.

ಎತ್ತರದ ಕಕ್ಷೆಗೆ ಬೇರೊಂದು ತೊಡಕಿತ್ತು. ರೇಡಿಯೊ ಅಲೆ ಸೆಕೆಂಡಿಗೆ ಮೂರು ಲಕ್ಷ ಕಿ.ಮೀ. ಓಡುತ್ತದೆ. 36,000 ಮೇಲಕ್ಕೆ, 36,000 ಕೆಳಕ್ಕೆ. ಮಾತು ಆಚೆ ತಲುಪಲು ಸುಮಾರು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು. ‘ಹಲೋ’ ಎಂದವನು ಅರ್ಧ ಸೆಕೆಂಡು ಕಾಯಬೇಕು. ಅಷ್ಟರೊಳಗೆ ಅತ್ತಲಿನವನು ಕೇಳಿಸಲಿಲ್ಲವೇನೋ ಎಂದು ಮತ್ತೆ ಮಾತಾಡುತ್ತಾನೆ, ಇಬ್ಬರ ಮಾತೂ ಡಿಕ್ಕಿ ಹೊಡೆಯುತ್ತದೆ. ಜೊತೆಗೆ ತನ್ನದೇ ಧ್ವನಿಯ ಪ್ರತಿಧ್ವನಿಯ ಕಾಟ ಬೇರೆ. ಜನ ಇಷ್ಟು ವಿಳಂಬವನ್ನು ಸಹಿಸುತ್ತಾರೆಯೆ ಎಂದು ತಿಳಿಯಲು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಪ್ರಯೋಗಗಳೇ ನಡೆದವು. ದೂರವಾಣಿ ಮಾತಿಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡಿನವರೆಗೆ ತೊಂದರೆಯಿಲ್ಲ, 400 ದಾಟಬಾರದು ಎಂಬ ಅಂತರರಾಷ್ಟ್ರೀಯ ಕಟ್ಟಳೆ ಮುಂದೆ ರೂಪುಗೊಂಡಿತು.

ಕೊನೆಗೆ ಗೆದ್ದದ್ದು ಎತ್ತರದ ಕಕ್ಷೆಯೇ. 1965ರ ಏಪ್ರಿಲ್‌ನಲ್ಲಿ ಹಾರಿದ ‘ಅರ್ಲಿ ಬರ್ಡ್’ 240 ದೂರವಾಣಿ ಸಂಪರ್ಕಗಳನ್ನು ಏಕಕಾಲಕ್ಕೆ ಹೊರಬಲ್ಲದಾಗಿತ್ತು. ಒಂದೇ ಉಪಗ್ರಹ, ಒಂದೇ ದಿಕ್ಕಿಗೆ ನೆಟ್ಟ ಆಂಟೆನಾ, ನಿರ್ವಹಣೆ ಸುಲಭ. ನಮ್ಮ ಇನ್ಸಾಟ್ ಸರಣಿಯದೂ ಇದೇ ದಾರಿ. ಅವುಗಳ ಯೋಗಕ್ಷೇಮ ನೋಡಿಕೊಳ್ಳಲು ಇಸ್ರೊ 1982ರಲ್ಲಿ ಹಾಸನದಲ್ಲಿ ಪ್ರಧಾನ ನಿಯಂತ್ರಣ ಕೇಂದ್ರ ಸ್ಥಾಪಿಸಿತು. ಅಲ್ಲಿನ ಬೃಹತ್ ಆಂಟೆನಾಗಳು ಹಗಲೂ ರಾತ್ರಿ ಆಕಾಶದ ಒಂದೊಂದು ನಿರ್ದಿಷ್ಟ ತಾಣವನ್ನೇ ದಿಟ್ಟಿಸುತ್ತಿರುತ್ತವೆ.

ಆ ಬೃಹತ್ ಗಾತ್ರವೇ ವೈಯಕ್ತಿಕ ದೂರವಾಣಿಗೆ ಅಡ್ಡಿ. ರೇಡಿಯೊ ಅಲೆಯ ಬಲ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಬೇರೆಲ್ಲ ಸಮ ಎಂದಿಟ್ಟುಕೊಂಡರೆ 36,000 ಕಿ.ಮೀ. ದೂರದಿಂದ ಬರುವ ಸಂಕೇತ 780 ಕಿ.ಮೀ.ನಿಂದ ಬರುವುದಕ್ಕಿಂತ ಸುಮಾರು ಎರಡು ಸಾವಿರ ಪಟ್ಟು ದುರ್ಬಲ. 1979ರಲ್ಲಿ ಹಡಗುಗಳಿಗಾಗಿ ಹುಟ್ಟಿದ ಇನ್ಮಾರ್‌ಸ್ಯಾಟ್ ಸಂಸ್ಥೆಯ ಆರಂಭದ ಉಪಕರಣಗಳು ಹಡಗಿನ ಮೇಲ್ಭಾಗದಲ್ಲಿ ದೊಡ್ಡ ಗುಮ್ಮಟದೊಳಗೆ ಕೂರುತ್ತಿದ್ದವು. ಅಂಗೈಯಲ್ಲಿ ಹಿಡಿಯುವ ಫೋನಿಗೆ ಆಗಿನ ತಂತ್ರಜ್ಞಾನದಲ್ಲಿ ಇದ್ದ ದಾರಿ ಒಂದೇ, ಉಪಗ್ರಹವನ್ನು ಕೆಳಗಿಳಿಸುವುದು.

ಕುಂಬಳಕಾಯಿಯ ಗೆರೆಗಳು

ಕೆಳಗಿಳಿಸಿದೊಡನೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಅಟ್ಟದ ಮೇಲಿನ ದೀಪ ಇಡೀ ಅಂಗಳಕ್ಕೆ ಬೆಳಕು ಕೊಡುತ್ತದೆ, ಅದನ್ನೇ ಮೊಣಕಾಲೆತ್ತರಕ್ಕೆ ಇಳಿಸಿದರೆ ಬೆಳಗುವುದು ಒಂದು ಮೂಲೆ. ಇಡೀ ಭೂಮಿಯನ್ನು ಒಂದು ಕ್ಷಣವೂ ಬಿಡದೆ ಆವರಿಸಲು ಎಷ್ಟು ಉಪಗ್ರಹ ಬೇಕು? ಬ್ರಿಟನ್ನಿನ ಫಾರ್ನ್‌ಬರೊದಲ್ಲಿದ್ದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿನ ಜಾನ್ ವಾಕರ್ 1970ರ ದಶಕದಲ್ಲಿ ಈ ಪ್ರಶ್ನೆಯನ್ನು ಕ್ರಮಬದ್ಧವಾಗಿ ಬಿಡಿಸಿದರು. ಸಾಕಷ್ಟು ಎತ್ತರದಲ್ಲಿ ಸರಿಯಾಗಿ ಜೋಡಿಸಿದರೆ ಐದೇ ಉಪಗ್ರಹಗಳು ಇಡೀ ಭೂಮಿಯನ್ನು ನೋಡುತ್ತಿರಬಲ್ಲವು ಎಂದು ಅವರು ತೋರಿಸಿದರು. ಎತ್ತರ ಕಡಿಮೆಯಾದಂತೆ ಸಂಖ್ಯೆ ಏರುತ್ತದೆ. ಉಪಗ್ರಹ ಪುಂಜಗಳನ್ನು ಇಂದಿಗೂ ಅವರ ಹೆಸರಿನಿಂದಲೇ ವರ್ಗೀಕರಿಸುತ್ತಾರೆ.

ಮೊಟರೋಲಾ ಕಂಪನಿಯ ಬ್ಯಾರಿ ಬರ್ಟಿಗರ್, ರೇ ಲಿಯೊಪೋಲ್ಡ್ ಮತ್ತು ಕೆನ್ ಪೀಟರ್ಸನ್ ಎಂಬ ಮೂವರು ಎಂಜಿನಿಯರುಗಳು 1987ರಲ್ಲಿ ರೂಪಿಸಿದ ಯೋಜನೆ ಇಂಥದೊಂದು ಪುಂಜ. ಕುಂಬಳಕಾಯಿಯ ತೊಟ್ಟಿನಿಂದ ಬುಡದವರೆಗೆ ಇಳಿಯುವ ಗೆರೆಗಳಂತೆ ಧ್ರುವದಿಂದ ಧ್ರುವಕ್ಕೆ ಏಳು ಕಕ್ಷೆಗಳು, ಒಂದೊಂದರಲ್ಲಿ ಹನ್ನೊಂದು ಉಪಗ್ರಹಗಳು, ಒಟ್ಟು 77. ಇರಿಡಿಯಂ ಎಂಬ ಲೋಹದ ಪರಮಾಣು ಸಂಖ್ಯೆಯೂ 77. ಪರಮಾಣುವಿನ ಸುತ್ತ ಎಲೆಕ್ಟ್ರಾನುಗಳು ಇದ್ದಂತೆ ಭೂಮಿಯ ಸುತ್ತ ಉಪಗ್ರಹಗಳು ಎಂಬ ಕಲ್ಪನೆಯಿಂದ ಹೆಸರು ಬಂತು. 1992ರಲ್ಲಿ ಲೆಕ್ಕವನ್ನು ತಿದ್ದಿದರು. ಪ್ರತಿ ಉಪಗ್ರಹ ನೆಲದ ಮೇಲೆ ಬೀರುವ ಕಿರಣಪುಂಜಗಳನ್ನು 37ರಿಂದ 48ಕ್ಕೆ ಏರಿಸಿ ಆರು ಕಕ್ಷೆಗಳೇ ಸಾಕೆಂದು ಕಂಡುಕೊಂಡರು. ಉಪಗ್ರಹಗಳು 66ಕ್ಕೆ ಇಳಿದವು. 66 ಡಿಸ್ಪ್ರೋಸಿಯಂ ಎಂಬ ಧಾತುವಿನ ಸಂಖ್ಯೆ. ಹೆಸರನ್ನು ಮಾತ್ರ ಯಾರೂ ಬದಲಿಸಲಿಲ್ಲ!

ಊರೇ ಓಡುವಾಗ

ಸಾಮಾನ್ಯ ಮೊಬೈಲ್ ಜಾಲದಲ್ಲಿ ಗೋಪುರ ನಿಂತಿರುತ್ತದೆ, ಮಾತಾಡುವವನು ಓಡಾಡುತ್ತಾನೆ. ಒಂದು ಗೋಪುರದ ವ್ಯಾಪ್ತಿಯಿಂದ ಇನ್ನೊಂದಕ್ಕೆ ದಾಟುವಾಗ ಕರೆಯನ್ನು ಮೊದಲನೆಯದು ಎರಡನೆಯದರ ಕೈಗೆ ಒಪ್ಪಿಸಬೇಕು. ಇರಿಡಿಯಂನಲ್ಲಿ ಎಲ್ಲವೂ ತಿರುಗುಮುರುಗು. ಉಪಗ್ರಹ ಸೆಕೆಂಡಿಗೆ ಏಳು ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಧಾವಿಸುತ್ತದೆ. ಬೆಂಗಳೂರಿನಿಂದ ಮೈಸೂರಿನ ದೂರ ಅದಕ್ಕೆ ಇಪ್ಪತ್ತು ಸೆಕೆಂಡಿನ ದಾರಿ. ಅದರ ಮುಂದೆ ನಮ್ಮ ಕಾರು, ರೈಲು, ವಿಮಾನವೆಲ್ಲ ನಿಂತಲ್ಲೇ ನಿಂತಂತೆ. ಸುಮಾರು 400 ಕಿ.ಮೀ. ಅಗಲದ ಒಂದು ಕಿರಣಪುಂಜ ನಮ್ಮ ತಲೆಯ ಮೇಲೆ ಹಾದುಹೋಗಲು ಒಂದು ನಿಮಿಷ ಸಾಕು. ಒಂಬತ್ತು ನಿಮಿಷಕ್ಕೊಮ್ಮೆ ಉಪಗ್ರಹವೇ ಬದಲಾಗುತ್ತದೆ. ಹತ್ತು ನಿಮಿಷ ಮಾತಾಡಿದರೆ ಕರೆ ಹತ್ತು ಸಲ ಕೈ ಬದಲಾಯಿಸಬೇಕು. ಯಾವುದೊಂದು ಬದಲಾವಣೆಯಲ್ಲಿ ಮುಂದಿನ ಕಿರಣಪುಂಜ ಭರ್ತಿಯಾಗಿದ್ದರೂ ಮಾತು ನಡುವೆಯೇ ತುಂಡು.

ಎರ್ಲಾಂಗ್‌ನ ಸೂತ್ರವೊಂದೇ ಇಲ್ಲಿ ಸಾಲದಾಯಿತು. ಕರೆ ಸಿಗದಿದ್ದರೆ ಜನ ಗೊಣಗಿ ಮತ್ತೆ ಪ್ರಯತ್ನಿಸುತ್ತಾರೆ, ನಡೆಯುತ್ತಿರುವ ಕರೆ ತುಂಡಾದರೆ ಸಿಟ್ಟಾಗುತ್ತಾರೆ. ಆದ್ದರಿಂದ ಎರಡು ಬಗೆಯ ಸೋಲನ್ನು ಬೇರೆಬೇರೆಯಾಗಿ ಎಣಿಸಬೇಕು. 1990ರ ದಶಕದಲ್ಲಿ ಇದರ ಮೇಲೆ ಬಹಳ ಕೆಲಸ ಮಾಡಿದವರು ಇಟಲಿಯ ಫ್ಲಾರೆನ್ಸ್ ವಿಶ್ವವಿದ್ಯಾಲಯದ ಎನ್ರಿಕೊ ದೆಲ್ ರೆ, ರೊಮಾನೊ ಫಂತಾಚಿ ಮತ್ತು ಜೊವಾನಿ ಜಂಬೆನೆ. ಅವರ ಮಾದರಿಯಲ್ಲಿ ಭೂಮಿಯ ಮೇಲಿನ ಜನರೆಲ್ಲ ಉಪಗ್ರಹದ ವೇಗದಲ್ಲಿ, ಒಂದೇ ದಿಕ್ಕಿನಲ್ಲಿ, ಸರಳರೇಖೆಯಲ್ಲಿ ಹಿಂದಕ್ಕೆ ಓಡುತ್ತಾರೆ! ವಿಚಿತ್ರ ಅನ್ನಿಸಿದರೂ ಇದರಿಂದ ಲೆಕ್ಕ ಸಲೀಸಾಗುತ್ತದೆ. ಪೇಟೆಯಲ್ಲಿ ಅಲೆಯುವ ಮನುಷ್ಯ ಮುಂದೆ ಎತ್ತ ತಿರುಗುತ್ತಾನೋ ಹೇಳಲಾಗದು. ಉಪಗ್ರಹದ ಕೆಳಗಿರುವವನು ಮುಂದೆ ಯಾವ ಕಿರಣಪುಂಜಕ್ಕೆ, ಯಾವಾಗ ಹೋಗುತ್ತಾನೆಂದು ಖಚಿತವಾಗಿ ಹೇಳಬಹುದು.

ಹಾಗೆ ಮೊದಲೇ ಗೊತ್ತಿರುವುದರಿಂದ ತಯಾರಿ ಮಾಡಿಕೊಳ್ಳಲೂಬಹುದು. ಬಸ್ಸಿನಲ್ಲಿ ಮುಂದಿನ ನಿಲ್ದಾಣದಿಂದ ಹತ್ತುವವರಿಗಾಗಿ ಒಂದೆರಡು ಸೀಟು ಕಾದಿರಿಸುವಂತೆ, ಪಕ್ಕದ ಕಿರಣಪುಂಜದಿಂದ ಬರುವ ಕರೆಗಳಿಗೆ ಕೆಲವು ಜಾಗಗಳನ್ನು ಮೀಸಲಿಡಬಹುದು. ಅಥವಾ ಎರಡು ಕಿರಣಪುಂಜಗಳು ಒಂದರ ಮೇಲೊಂದು ಹಾಯುವ ಅಂಚಿನಲ್ಲಿರುವಷ್ಟು ಹೊತ್ತು ಕರೆಯನ್ನು ಸರತಿಯಲ್ಲಿ ನಿಲ್ಲಿಸಿ, ಜಾಗ ಖಾಲಿಯಾದೊಡನೆ ಒಳಗೆ ಬಿಡಬಹುದು. ಮೀಸಲು ಹೆಚ್ಚಿದಷ್ಟೂ ಹೊಸ ಕರೆಗೆ ಜಾಗ ಕಡಿಮೆ. ಎಷ್ಟು ಮೀಸಲು ಸರಿ ಎಂಬುದನ್ನು ಹೇಳುವುದೇ ಮಾದರಿಯ ಕೆಲಸ.

ಮರದ ನೆರಳು, ಸಮುದ್ರದ ಪಾಲು

ಇನ್ನೊಂದು ಸಮಸ್ಯೆ ನೆಲದ ಮೇಲಿನದು. ಮಳೆಗಾಲದ ಸಾಲುಮರಗಳ ದಾರಿಯಲ್ಲಿ ನಡೆಯುವವನ ಮೇಲೆ ಬಿಸಿಲು ಬಿದ್ದು ಮರೆಯಾಗುವ ಹಾಗೆ ಉಪಗ್ರಹದ ಸಂಕೇತವೂ ಮರ, ಕಟ್ಟಡಗಳ ಸಂದಿಯಲ್ಲಿ ಕಣ್ಣುಮುಚ್ಚಾಲೆಯಾಡುತ್ತದೆ. ಕೆನಡಾದ ಚುನ್ ಲೂ 1985ರಲ್ಲಿ ಮರದ ನೆರಳಿನಲ್ಲಿ ಸಂಕೇತ ಹೇಗೆ ಏರಿಳಿಯುತ್ತದೆಂಬುದಕ್ಕೆ ಸಂಖ್ಯಾಶಾಸ್ತ್ರದ ಮಾದರಿ ಕೊಟ್ಟರು. ಜರ್ಮನಿಯ ಎರಿಕ್ ಲುಟ್ಸ್ ಮತ್ತು ಸಂಗಡಿಗರು ಯೂರೋಪಿನ ಪಟ್ಟಣಗಳಲ್ಲಿ, ಹೆದ್ದಾರಿಗಳಲ್ಲಿ ವಾಹನದೊಳಗೆ ಉಪಕರಣ ಇಟ್ಟುಕೊಂಡು ಅಳೆದು 1991ರಲ್ಲಿ ಇನ್ನೂ ಸರಳವಾದ ಚಿತ್ರ ನೀಡಿದರು. ಅವರ ಪ್ರಕಾರ ದಾರಿಗೆ ಎರಡೇ ಸ್ಥಿತಿ: ಒಳ್ಳೆಯದು ಮತ್ತು ಕೆಟ್ಟದು. ಒಂದರಿಂದ ಇನ್ನೊಂದಕ್ಕೆ ಎಷ್ಟು ಬಾರಿ ಜಿಗಿಯುತ್ತದೆ ಎಂಬುದು ಊರಿನ ಸ್ವರೂಪವನ್ನೂ ಉಪಗ್ರಹ ದಿಗಂತದಿಂದ ಎಷ್ಟು ಮೇಲಿದೆ ಎಂಬುದನ್ನೂ ಅವಲಂಬಿಸಿರುತ್ತದೆ.

ಇದರ ಅರ್ಥ ಬಹಳ ದೊಡ್ಡದು. ಎತ್ತರದ ಕಟ್ಟಡಗಳ ನಡುವೆ, ಕಚೇರಿಯ ಒಳಗೆ ಉಪಗ್ರಹ ಫೋನು ಕೆಲಸ ಮಾಡುವುದು ಕಷ್ಟ ಎಂದು ಈ ಮಾದರಿಗಳು ಸ್ಪಷ್ಟವಾಗಿಯೇ ಹೇಳುತ್ತಿದ್ದವು. ಆದರೆ ಇರಿಡಿಯಂ ಯಾರನ್ನು ಗ್ರಾಹಕರೆಂದು ಎಣಿಸಿತ್ತೋ ಆ ದೇಶಾಂತರ ತಿರುಗುವ ವ್ಯಾಪಾರಿಗಳು ಹೆಚ್ಚು ಹೊತ್ತು ಕಳೆಯುತ್ತಿದ್ದುದು ಅಂಥ ಕಟ್ಟಡಗಳಲ್ಲೇ.

ಜನರ ಹಂಚಿಕೆಯೂ ಹಾಗೆಯೇ. ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ 71 ಪಾಲು ಸಮುದ್ರ. ಒಂದು ಉಪಗ್ರಹ ಏಕಕಾಲಕ್ಕೆ ಸುಮಾರು 1,100 ಕರೆಗಳನ್ನು ಹೊರಬಲ್ಲದು. ಅಂಥವು 66 ಎಂದರೆ ಎಪ್ಪತ್ತು ಸಾವಿರಕ್ಕೂ ಮಿಗಿಲು ಎಂದು ಗುಣಿಸುವುದು ಸುಲಭ. ಆದರೆ ಶಾಂತಸಾಗರದ ಮೇಲಿರುವ ಉಪಗ್ರಹದ ಖಾಲಿ ಜಾಗವನ್ನು ಕಿತ್ತು ಲಂಡನ್ ಮೇಲಿರುವುದಕ್ಕೆ ಕೊಡಲಾಗದು. ಹತ್ತು ಕಟ್ಟೆಗಳಿಗೆ ಹಂಚಿದ ನೀರಿನ ಕಥೆ ಇದೇ. ಅದರಲ್ಲೂ ಒಂದೊಂದು ಉಪಗ್ರಹದ ಸಾಮರ್ಥ್ಯ 48 ಕಿರಣಪುಂಜಗಳಲ್ಲಿ ಮತ್ತೆ ಹರಿದು ಹಂಚಿಹೋಗಿತ್ತು.

ಆಕಾಶದಲ್ಲಿಯೇ ಉಪಗ್ರಹದಿಂದ ಉಪಗ್ರಹಕ್ಕೆ ಕರೆ ದಾಟಿಸುವ ವ್ಯವಸ್ಥೆ ಇರಿಡಿಯಂನ ಹೆಗ್ಗಳಿಕೆ. ಹಿಂದೆ ಮುಂದೆ ಇರುವ ಇಬ್ಬರೊಡನೆ, ಅಕ್ಕಪಕ್ಕದ ಕಕ್ಷೆಯ ಇಬ್ಬರೊಡನೆ ಪ್ರತಿ ಉಪಗ್ರಹ ಕೈಹಿಡಿದಿರುತ್ತದೆ. ಆದರೆ ಮೊದಲ ಮತ್ತು ಕೊನೆಯ ಕಕ್ಷೆ ಸಂಧಿಸುವಲ್ಲಿ ಒಂದು ಸಾಲು ಉತ್ತರಕ್ಕೂ ಇನ್ನೊಂದು ದಕ್ಷಿಣಕ್ಕೂ ಓಡುತ್ತಿರುವುದರಿಂದ ಅಲ್ಲಿ ಕೈಹಿಡಿಯಲಾಗುವುದಿಲ್ಲ. ಹೊಲಿಗೆ ಬಿಟ್ಟ ಬಟ್ಟೆಯಂತೆ ಅಲ್ಲೊಂದು ಸೀಳು. ಕ್ಷಣಕ್ಷಣಕ್ಕೂ ಆಕಾರ ಬದಲಿಸುವ ಇಂಥ ಜಾಲದಲ್ಲಿ ದಾರಿ ಹುಡುಕುವುದು ಹೇಗೆ? ಜರ್ಮನಿಯ ಮಾರ್ಕುಸ್ ವೆರ್ನರ್ 1997ರಲ್ಲಿ ಪ್ರಕಟಿಸಿದ ಉಪಾಯ ಹೀಗಿತ್ತು: ಉಪಗ್ರಹಗಳ ಚಲನೆ ಪುನರಾವರ್ತನೆಯಾಗುವುದರಿಂದ ಒಂದು ಸುತ್ತಿನ ಅವಧಿಯನ್ನು ಸಣ್ಣ ಸಣ್ಣ ತುಣುಕುಗಳನ್ನಾಗಿ ಮಾಡಿ, ಪ್ರತಿ ತುಣುಕಿನಲ್ಲೂ ಜಾಲ ಸ್ಥಿರವಾಗಿದೆ ಎಂದು ಭಾವಿಸಿ, ಎಲ್ಲಕ್ಕೂ ಮೊದಲೇ ದಾರಿ ಗುರುತಿಸಿಡುವುದು. ಓಡುವ ಕುದುರೆಯನ್ನು ಚಿತ್ರದ ಮೇಲೆ ಚಿತ್ರವಾಗಿ ತೋರಿಸುವ ಸಿನಿಮಾ ರೀಲಿನ ಹಾಗೆ.

ಮಾದರಿಯ ಮೊದಲ ಸಾಲು

ಇಷ್ಟೆಲ್ಲ ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. 1997ರ ಮೇ 5ರಿಂದ ಅಮೆರಿಕ, ರಷ್ಯಾ, ಚೀನಾಗಳ ರಾಕೆಟ್ಟುಗಳು ಒಂದರ ಹಿಂದೊಂದು ಉಪಗ್ರಹಗಳನ್ನು ಹೊತ್ತೊಯ್ದವು. ಒಂದೇ ವರ್ಷದ ಆಸುಪಾಸಿನಲ್ಲಿ ಪುಂಜ ಸಿದ್ಧವಾಯಿತು. ಎಂಜಿನಿಯರಿಂಗಿನ ಇತಿಹಾಸದಲ್ಲಿ ಅದೊಂದು ದೊಡ್ಡ ಸಾಹಸ.

ತಪ್ಪಿದ್ದು ಎಲ್ಲಿ? ಸಾಮರ್ಥ್ಯದ ಯಾವ ಮಾದರಿಯನ್ನೇ ತೆಗೆದುಕೊಳ್ಳಿ, ಅದರ ಮೊದಲ ಸಾಲು ‘ಇಂತಿಷ್ಟು ಗ್ರಾಹಕರಿದ್ದಾರೆ ಎಂದುಕೊಳ್ಳೋಣ’ ಎಂದಿರುತ್ತದೆ. ಉಳಿದ ಗಣಿತವೆಲ್ಲ ಆ ಸಾಲಿನ ಮೇಲೆ ನಿಲ್ಲುತ್ತದೆ. ಆ ಅಂಕಿ ಎಲ್ಲಿಂದ ಬಂತು ಎಂದು ಗಣಿತ ಕೇಳುವುದಿಲ್ಲ. ಇರಿಡಿಯಂ ಯೋಜನೆ ಹುಟ್ಟಿದ 1987ರಲ್ಲಿ ಸೆಲ್ಯುಲರ್ ಫೋನು ದೊಡ್ಡ ಪಟ್ಟಣಗಳ ಸಿರಿವಂತರ ಸೊತ್ತಾಗಿತ್ತು. ಒಂದು ದೇಶದ ಫೋನು ಸಾಮಾನ್ಯವಾಗಿ ಇನ್ನೊಂದು ದೇಶದಲ್ಲಿ ನಡೆಯುತ್ತಿರಲಿಲ್ಲ. ನಂತರದ ಹನ್ನೊಂದು ವರ್ಷಗಳಲ್ಲಿ ಯೋಜನೆಯ ಮೂಲ ಕಲ್ಪನೆ ಹಾಗೆಯೇ ಉಳಿಯಿತು, ನೆಲ ಬದಲಾಯಿತು. 1991ರಲ್ಲಿ ಫಿನ್ಲೆಂಡಿನಲ್ಲಿ ಮೊದಲ ಜಿಎಸ್‌ಎಂ ಕರೆ ನಡೆಯಿತು. ಒಂದೇ ಬಗೆಯ ಫೋನು ದೇಶದಿಂದ ದೇಶಕ್ಕೆ ನಡೆಯತೊಡಗಿತು. ಭಾರತದಲ್ಲೂ 1995ರ ಜುಲೈ 31ರಂದು ಕಲ್ಕತ್ತದಿಂದ ಜ್ಯೋತಿ ಬಸು ಅವರು ಕೇಂದ್ರ ಸಚಿವ ಸುಖ್‌ರಾಂ ಅವರೊಡನೆ ಮೊದಲ ಮೊಬೈಲ್ ಮಾತಾಡಿದರು. 1998ರ ಹೊತ್ತಿಗೆ ವ್ಯಾಪಾರಿಗಳು ಓಡಾಡುವ ಊರುಗಳಲ್ಲೆಲ್ಲ ಅಗ್ಗದ, ಹಗುರವಾದ, ಕಟ್ಟಡದೊಳಗೂ ನಡೆಯುವ ಫೋನು ಬಂದಾಗಿತ್ತು. ಇರಿಡಿಯಂ ಫೋನಿನ ಬೆಲೆ ಸುಮಾರು 3,000 ಡಾಲರ್, ನಿಮಿಷದ ಮಾತಿಗೆ ಹಲವು ಡಾಲರ್.

ಒಂದು ಸಣ್ಣ ಗುಣಾಕಾರ ಮಾಡಿ ನೋಡಿ. ಕೆಳಕಕ್ಷೆಯ ಉಪಗ್ರಹಕ್ಕೆ ಆಗ ಅಂದಾಜಿಸಿದ್ದ ಆಯಸ್ಸು ಐದರಿಂದ ಎಂಟು ವರ್ಷ. ಐದು ವರ್ಷವೆಂದರೆ 500 ಕೋಟಿ ಡಾಲರನ್ನು ವರ್ಷಕ್ಕೆ ನೂರು ಕೋಟಿಯಂತೆ ಹಿಂದೆ ಪಡೆಯಬೇಕು. ಐದು ಲಕ್ಷ ಗ್ರಾಹಕರಿದ್ದರೆ ತಲೆಗೆ ವರ್ಷಕ್ಕೆ 2,000 ಡಾಲರ್, ಹೇಗೋ ನಡೆದೀತು. ದಿವಾಳಿಯ ವೇಳೆಗೆ ಇದ್ದ ಗ್ರಾಹಕರು ಸುಮಾರು ಇಪ್ಪತ್ತು ಸಾವಿರ. ತಲೆಗೆ ವರ್ಷಕ್ಕೆ 50,000 ಡಾಲರ್!

ಇರಿಡಿಯಂ ಒಂದೇ ಮುಳುಗಲಿಲ್ಲ. 10,390 ಕಿ.ಮೀ. ಎತ್ತರದಲ್ಲಿ ಹತ್ತು ಉಪಗ್ರಹಗಳ ಯೋಜನೆ ಹಾಕಿದ್ದ ಐಕೊ ಅದೇ ಆಗಸ್ಟ್ ತಿಂಗಳಲ್ಲಿ ದಿವಾಳಿ ಘೋಷಿಸಿತು. 48 ಉಪಗ್ರಹಗಳ ಗ್ಲೋಬಲ್‌ಸ್ಟಾರ್ 2002ರ ಫೆಬ್ರವರಿಯಲ್ಲಿ ಅದೇ ದಾರಿ ಹಿಡಿಯಿತು. ಬಿಲ್ ಗೇಟ್ಸ್ ಮತ್ತು ಕ್ರೇಗ್ ಮೆಕಾ ಬೆಂಬಲದ ಟೆಲಿಡೆಸಿಕ್ 840 ಉಪಗ್ರಹಗಳ ಕನಸನ್ನು 288ಕ್ಕೆ ಇಳಿಸಿ, 2002ರಲ್ಲಿ ಕೈಬಿಟ್ಟಿತು.

ನ್ಯಾಯಾಲಯದಲ್ಲಿ ಮುನ್ನಂದಾಜು

ಇರಿಡಿಯಂನಲ್ಲಿ ಭಾರತದ ಹಣಕಾಸು ಸಂಸ್ಥೆಗಳ ದುಡ್ಡೂ ಇತ್ತು. ಇರಿಡಿಯಂ ಇಂಡಿಯಾ ಎಂಬ ಕಂಪನಿಯ ಮೂಲಕ ಹೂಡಿದ್ದ ಹಣ ಮುಳುಗಿದಾಗ ಅದು 2001ರಲ್ಲಿ ಪುಣೆಯ ನ್ಯಾಯಾಲಯದಲ್ಲಿ ಮೊಟರೋಲಾ ವಿರುದ್ಧ ವಂಚನೆಯ ದೂರು ಹೂಡಿತು. ಹೂಡಿಕೆದಾರರಿಗೆ 1992ರಲ್ಲಿ ಕೊಟ್ಟ ವಿವರಣ ಪತ್ರದಲ್ಲಿ ಯೋಜನೆಯ ಸಾಮರ್ಥ್ಯವನ್ನು ತಪ್ಪಾಗಿ ಬಿಂಬಿಸಲಾಗಿತ್ತು ಎಂಬುದು ಆರೋಪ. ಬಾಂಬೆ ಹೈಕೋರ್ಟು ಆ ದೂರನ್ನು ರದ್ದುಪಡಿಸಿತು. 2010ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಬದಿಗೊತ್ತಿ, ದುರುದ್ದೇಶ ಸಾಬೀತಾಗಬೇಕಾದ ಅಪರಾಧಗಳಲ್ಲೂ ಕಂಪನಿಯನ್ನು ವಿಚಾರಣೆಗೆ ಒಳಪಡಿಸಬಹುದು ಎಂದು ಹೇಳಿತು. ಆರೋಪ ಸಾಬೀತಾಯಿತೆಂದು ಅದರ ಅರ್ಥವಲ್ಲ, ವಿಚಾರಣೆ ನಡೆಯಬಹುದು ಎಂದಷ್ಟೇ. ಆದರೂ ಕಂಪನಿ ಕಾನೂನು ಓದುವ ವಿದ್ಯಾರ್ಥಿಗಳಿಗೆ ಇಂದು ಇರಿಡಿಯಂ ಎಂದರೆ ಉಪಗ್ರಹಕ್ಕಿಂತ ಮೊದಲು ನೆನಪಾಗುವುದು ಈ ತೀರ್ಪು.

ಅತ್ತ ಆಕಾಶದಲ್ಲಿದ್ದ ಉಪಗ್ರಹಗಳನ್ನು ವಾತಾವರಣಕ್ಕೆ ಇಳಿಸಿ ಸುಟ್ಟುಬಿಡುವ ಸಿದ್ಧತೆ ನಡೆದಿತ್ತು. 2000ದ ಡಿಸೆಂಬರ್‌ನಲ್ಲಿ ಡ್ಯಾನ್ ಕೊಲುಸಿ ಮುಂದಾಳತ್ವದ ಗುಂಪೊಂದು 500 ಕೋಟಿ ಡಾಲರಿನ ಜಾಲವನ್ನು ಎರಡೂವರೆ ಕೋಟಿಗೆ ಕೊಂಡಿತು. ಅಮೆರಿಕದ ರಕ್ಷಣಾ ಇಲಾಖೆ ತನ್ನ 20,000 ಬಳಕೆದಾರರಿಗಾಗಿ ಎರಡು ವರ್ಷಕ್ಕೆ 7.2 ಕೋಟಿ ಡಾಲರಿನ ಗುತ್ತಿಗೆ ನೀಡಿತು. ಸಾಲದ ಹೊರೆ ಇಳಿದ ಮೇಲೆ ಅದೇ ಉಪಗ್ರಹಗಳು, ಅದೇ ಗಣಿತ, ಅದೇ ಫೋನುಗಳು ಲಾಭದ ಹಾದಿಗೆ ಬಂದವು. ಈಗಿನ ಗ್ರಾಹಕರು ಹಡಗಿನವರು, ಸೈನಿಕರು, ಗಣಿಯವರು, ಪರ್ವತಾರೋಹಿಗಳು. ಗೋಪುರ ಎಂದೂ ಏಳದ ಜಾಗಗಳಲ್ಲಿ, ತೆರೆದ ಆಕಾಶದ ಕೆಳಗೆ ಇರುವವರು. 2017ರಿಂದ 2019ರ ನಡುವೆ ಹಳೆಯವುಗಳ ಜಾಗಕ್ಕೆ ಹೊಸ ಉಪಗ್ರಹಗಳು ಬಂದವು. 2023ರಲ್ಲಿ ಚಂದಾದಾರರ ಸಂಖ್ಯೆ 20 ಲಕ್ಷ ದಾಟಿತು. ಅದರಲ್ಲಿ ಬಹುಪಾಲು ಮನುಷ್ಯರೇ ಅಲ್ಲ, ಲಾರಿ, ಯಂತ್ರ, ಪೈಪ್‌ಲೈನುಗಳಲ್ಲಿ ಕುಳಿತು ಪುಟ್ಟ ಸಂದೇಶ ಕಳಿಸುವ ಉಪಕರಣಗಳು.

ಮಾದರಿಯ ಮಿತಿಯನ್ನು ಇರಿಡಿಯಂ ಇನ್ನೊಂದು ರೀತಿಯಲ್ಲೂ ಕಲಿಸಿತು. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ ಇರಿಡಿಯಂ-33 ಮತ್ತು ರಷ್ಯಾದ ನಿಷ್ಕ್ರಿಯ ಉಪಗ್ರಹ ಕಾಸ್ಮೋಸ್-2251 ಸೆಕೆಂಡಿಗೆ ಹನ್ನೊಂದು ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಅಪ್ಪಳಿಸಿದವು. ಅವೆರಡೂ 584 ಮೀಟರ್ ಅಂತರದಲ್ಲಿ ಹಾದುಹೋಗುತ್ತವೆ ಎಂದು ಸಾರ್ವಜನಿಕ ಮಾಹಿತಿಯ ಮೇಲೆ ಮಾಡಿದ ಲೆಕ್ಕ ಹೇಳಿತ್ತು. ಆ ದಿನದ ಅತ್ಯಂತ ಅಪಾಯದ ಜೋಡಿ ಅದಾಗಿರಲೂ ಇಲ್ಲ. ಕಕ್ಷೆಯ ಮಾಹಿತಿಯಲ್ಲಿದ್ದ ಅನಿಶ್ಚಿತತೆ ಆ ಅಂತರಕ್ಕಿಂತ ದೊಡ್ಡದಾಗಿತ್ತು. ಎರಡು ಸಾವಿರಕ್ಕೂ ಹೆಚ್ಚು ಚೂರುಗಳು ಚೆಲ್ಲಾಪಿಲ್ಲಿಯಾದವು.

ಮತ್ತೆ ತುಂಬುತ್ತಿರುವ ಆಕಾಶ

2019ರ ಮೇ ತಿಂಗಳಲ್ಲಿ ಮೊದಲ 60 ಉಪಗ್ರಹಗಳನ್ನು ಹಾರಿಸಿದ ಸ್ಟಾರ್‌ಲಿಂಕ್ ಇಂದು ಸಾವಿರಾರು ಉಪಗ್ರಹಗಳ ಜಾಲ. ವಾಕರ್ ಅವರ ಜೋಡಣೆ, ಕೈ ಬದಲಾಯಿಸುವ ಕರೆಗಳು, ಸಮುದ್ರದ ಮೇಲಿನ ಖಾಲಿ ಪಾಲು ಎಲ್ಲ ಅಲ್ಲಿಯೂ ಇವೆ. ಲಂಡನ್ನಿನ ಸಂಶೋಧಕ ಮಾರ್ಕ್ ಹ್ಯಾಂಡ್ಲಿ 2018ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ ಬೆಳಕು ಗಾಜಿನ ಎಳೆಯಲ್ಲಿ ಓಡುವುದಕ್ಕಿಂತ ಶೂನ್ಯದಲ್ಲಿ ವೇಗವಾಗಿ ಓಡುವುದರಿಂದ ಬಹುದೂರದ ಸಂಪರ್ಕದಲ್ಲಿ ಇಂಥ ಜಾಲ ಸಾಗರತಳದ ಕೇಬಲನ್ನೂ ಹಿಂದಿಕ್ಕಬಹುದು. ಅರವತ್ತರ ದಶಕದಲ್ಲಿ ಉಪಗ್ರಹದ ದೋಷವೆನಿಸಿದ್ದ ವಿಳಂಬ ಹೀಗೆ ಅದರ ಗುಣವಾಗುತ್ತಿದೆ.

ಒನ್‌ವೆಬ್ ಕೂಡ 2020ರ ಮಾರ್ಚ್‌ನಲ್ಲಿ ದಿವಾಳಿಯಾಗಿ, ಬ್ರಿಟಿಷ್ ಸರ್ಕಾರ ಮತ್ತು ಭಾರತದ ಭಾರ್ತಿ ಸಮೂಹದ ಕೈಸೇರಿ ಉಳಿಯಿತು. ಅದರ 72 ಉಪಗ್ರಹಗಳನ್ನು 2022 ಮತ್ತು 2023ರಲ್ಲಿ ಇಸ್ರೊದ ರಾಕೆಟ್ಟುಗಳು ಎರಡು ಕಂತಿನಲ್ಲಿ ಕಕ್ಷೆಗೆ ಸೇರಿಸಿದವು. ಇಂಥ ಸೇವೆಗಳಿಗೆ ನಮ್ಮ ದೂರಸಂಪರ್ಕ ಇಲಾಖೆ ಕೊಡುವ ಪರವಾನಗಿಗೆ ‘ಜಿಎಂಪಿಸಿಎಸ್’ ಎಂದು ಹೆಸರು. ಉಪಗ್ರಹದ ಮೂಲಕ ಜಾಗತಿಕ ಸಂಚಾರಿ ವೈಯಕ್ತಿಕ ಸಂಪರ್ಕ ಎಂದು ಅದರ ಅರ್ಥ. ಇರಿಡಿಯಂ ಕಾಲದ ಆ ಹೆಸರನ್ನು ಹೊತ್ತ ಪರವಾನಗಿಯನ್ನೇ 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೂ ನೀಡಲಾಯಿತು.

ಗೋಪುರ ತಲುಪದ ಹಳ್ಳಿಗಳಿಗೆ, ಕಾಡಿನ ಅಂಚಿನ ಶಾಲೆಗಳಿಗೆ ಈ ಜಾಲಗಳು ದೊಡ್ಡ ಭರವಸೆ ಕೊಡುತ್ತಿವೆ. ಭರವಸೆಯನ್ನು ಅನುಮಾನಿಸಬೇಕಿಲ್ಲ. ಆದರೆ ಒಂದು ಕಿರಣಪುಂಜದ ಕೆಳಗೆ ಎಷ್ಟು ಮನೆಗಳಿಗೆ ಎಷ್ಟು ವೇಗ ಸಿಕ್ಕೀತು, ತಿಂಗಳಿಗೆ ಎಷ್ಟು ಹಣ ಕೊಡಬಲ್ಲವರನ್ನು ಲೆಕ್ಕಕ್ಕೆ ಹಿಡಿಯಲಾಗಿದೆ, ಅಷ್ಟರಲ್ಲಿ ನೆಲದ ಮೇಲಿನ ಕೇಬಲು ಅಲ್ಲಿಗೇ ಬಂದರೆ ಏನಾಗುತ್ತದೆ ಎಂದು ಕೇಳುವ ಹಕ್ಕು ನಮಗಿದೆ. ಕೋಪನ್‌ಹೇಗನ್ನಿನ ಎರ್ಲಾಂಗ್ ತಂತಿ ಎಣಿಸುವ ಮೊದಲು ಆ ಊರಿನ ಜನ ಎಷ್ಟು ಹೊತ್ತು, ಎಷ್ಟು ಸಲ ಮಾತಾಡುತ್ತಾರೆಂದು ತಿಳಿದುಕೊಳ್ಳಬೇಕಾಗಿತ್ತು. ಆ ಮೊದಲ ಹೆಜ್ಜೆಯನ್ನು ಬಿಟ್ಟು ಮುಂದೆ ಹೋದರೆ ಏನಾಗುತ್ತದೆ ಎಂಬುದಕ್ಕೆ 66 ಉಪಗ್ರಹಗಳು ಸಾಕ್ಷಿ ಹೇಳಿವೆ.